ಡೇರಿಯ ಕಂಪ್ಯೂಟರ್ ಏಳದಿದ್ದರೆ ನಮ್ಮ ಹಾಲಿನ ಲೆಕ್ಕ ಯಾಕೆ ಮಲಗಬೇಕು?



‘ಕಂಪ್ಯೂಟರ್ ಆನ್ ಆಗ್ತಿಲ್ಲಮ್ಮ, ಇವತ್ತು ಎಲ್ರಿಗೂ ಒಂದೇ ಫ್ಯಾಟ್ ಹಾಕ್ಕೋತೀವಿ, ರಿಪೇರಿಯೋರು ಬಂದ್ಮೇಲೆ ನೋಡೋಣ.’ ಈ ಮಾತನ್ನು ನೀವೂ ಒಂದಲ್ಲ ಒಂದು ದಿನ ನಿಮ್ಮ ಸಂಘದಲ್ಲಿ ಸಾಲಿನಲ್ಲಿ ನಿಂತಾಗ ಕೇಳಿರುತ್ತೀರಿ. ಕೇಳಿ, ಆಯ್ತು ಎಂದು ಹಾಲು ಸುರಿದು, ಖಾಲಿ ಪಾತ್ರೆ ಹಿಡಿದು ಮನೆಗೆ ಬಂದಿರುತ್ತೀರಿ. ಮಕ್ಕಳನ್ನು ಶಾಲೆಗೆ ಕಳಿಸಬೇಕು, ಕೊಟ್ಟಿಗೆಯ ಸಗಣಿ ಬಾಚಬೇಕು, ಅಲ್ಲಿ ನಿಂತು ವಾದ ಮಾಡಲು ಯಾರಿಗೆ ಹೊತ್ತಿದೆ? ಆದರೂ ಆ ಮಾತನ್ನು ನಾವು ಒಪ್ಪಿಕೊಳ್ಳಬಾರದು ಎಂಬುದು ನನ್ನ ಅಭಿಪ್ರಾಯ. ಕಂಪ್ಯೂಟರ್ ಕೆಟ್ಟ ದಿನವೂ ಒಬ್ಬೊಬ್ಬರ ಹಾಲನ್ನೂ ಬೇರೆಯಾಗಿಯೇ ಪರೀಕ್ಷಿಸಿ ಬರೆಯಬೇಕು. ಜೊತೆಗೆ, ಆ ಕಂಪ್ಯೂಟರ್ ಯಾಕೆ ಏಳುತ್ತಿಲ್ಲ ಎಂದು ಮೊದಲ ಹತ್ತು ನಿಮಿಷ ನೋಡುವಷ್ಟು ತಿಳಿವಳಿಕೆ ಸಂಘದ ಇಬ್ಬರು ಮೂವರು ಹೆಣ್ಣುಮಕ್ಕಳಿಗಾದರೂ ಇರಬೇಕು.

‘ಒಂದೇ ಫ್ಯಾಟ್’ ಎಂದರೆ ಯಾರ ಗಂಟು ಹೋಗುತ್ತದೆ ನೋಡಿ. ಎಚ್.ಎಫ್. ಹಸುವಿನ ಹಾಲಿನಲ್ಲಿ ಜಿಡ್ಡು ಸಾಮಾನ್ಯವಾಗಿ 3.5ರ ಆಸುಪಾಸು. ಜೆರ್ಸಿಯದು ನಾಲ್ಕನ್ನು ದಾಟುತ್ತದೆ. ಅದೇ ತಳಿಯಲ್ಲೂ ಒಣಮೇವು, ಹಸಿಮೇವು, ಪಶು ಆಹಾರ, ಖನಿಜ ಮಿಶ್ರಣ ಎಲ್ಲವನ್ನೂ ಅಳೆದು ಕೊಟ್ಟವಳ ಹಾಲಿಗೂ ಬರೀ ಹಸಿಮೇವು ಹಾಕಿದವಳ ಹಾಲಿಗೂ ವ್ಯತ್ಯಾಸ ಇರುತ್ತದೆ. ಎಲ್ಲರಿಗೂ 3.8 ಎಂದು ಬರೆದರೆ 4.4 ಬರುವ ಹಾಲು ತಂದವಳು ಕಳೆದುಕೊಂಡಳು. ಒಂದು ಚೊಂಬು ನೀರು ಬೆರೆಸಿ ತಂದವಳಿಗೆ ಅವತ್ತು ಹಬ್ಬ. ರಿಪೇರಿಯವನು ಬರುವುದು ಮೂರು ದಿನ ತಡವಾದರೆ ಆರು ಹೊತ್ತಿನ ಹಾಲು ಹೀಗೇ ಹೋಯಿತು. ಹೋದ ದುಡ್ಡು ಬಟವಾಡೆಯಲ್ಲಿ ಎದ್ದು ಕಾಣುವುದಿಲ್ಲ, ಅದಕ್ಕೇ ಯಾರೂ ಜಗಳವಾಡುವುದಿಲ್ಲ. ದುಡ್ಡಿಗಿಂತ ನನಗೆ ಕೆಡುಕೆನಿಸುವುದು ಇನ್ನೊಂದು. ಒಳ್ಳೆಯ ಹಾಲು ಹಾಕಿದರೂ ಒಂದೇ, ನೀರು ಹಾಲು ಹಾಕಿದರೂ ಒಂದೇ ಎಂಬ ಮಾತು ಊರಲ್ಲಿ ಒಮ್ಮೆ ಹುಟ್ಟಿಕೊಂಡರೆ ಸಂಘದ ಹಾಲಿನ ಗುಣಮಟ್ಟ ಅಲ್ಲಿಂದಲೇ ಇಳಿಯತೊಡಗುತ್ತದೆ.

ಕಂಪ್ಯೂಟರ್ ಕೆಟ್ಟರೆ ಪರೀಕ್ಷೆ ಯಾಕೆ ನಿಲ್ಲಬೇಕು? ನಮ್ಮ ಸಂಘಗಳಲ್ಲಿ ಮೇಜಿನ ಮೇಲಿರುವ ಸಾಮಾನನ್ನು ಒಮ್ಮೆ ನೆನಪಿಸಿಕೊಳ್ಳಿ. ತೂಕದ ಯಂತ್ರ, ಹಾಲು ಪರೀಕ್ಷೆಯ ಯಂತ್ರ, ಕಂಪ್ಯೂಟರ್, ಚೀಟಿ ಮುದ್ರಿಸುವ ಪ್ರಿಂಟರ್. ಫ್ಯಾಟ್ ನೋಡುವುದು ಪರೀಕ್ಷೆಯ ಯಂತ್ರವೇ ಹೊರತು ಕಂಪ್ಯೂಟರ್ ಅಲ್ಲ. ತೂಕದ ಅಂಕಿ ತೂಕದ ಯಂತ್ರದ ಮೇಲೆಯೇ ಕೆಂಪಗೆ ಕಾಣುತ್ತದೆ, ಫ್ಯಾಟ್ ಮತ್ತು ಎಸ್‌ಎನ್‌ಎಫ್ ಪರೀಕ್ಷೆಯ ಯಂತ್ರದ ಸಣ್ಣ ಪರದೆಯ ಮೇಲೆ ಬರುತ್ತದೆ. ಕಂಪ್ಯೂಟರ್ ಆ ಅಂಕಿಗಳನ್ನು ತಂತಿಯ ಮೂಲಕ ಪಡೆದು, ದರಪಟ್ಟಿ ನೋಡಿ ಗುಣಿಸಿ, ಬರೆದಿಟ್ಟುಕೊಂಡು, ಚೀಟಿ ಕೊಡುತ್ತದೆ. ಅಂದರೆ ಅದು ಗುಮಾಸ್ತನ ಕೆಲಸ. ಗುಮಾಸ್ತ ರಜೆ ಹಾಕಿದ ದಿನ ಪರೀಕ್ಷಕರೂ ಕೈಕಟ್ಟಿ ಕೂರಬೇಕೆಂದು ಯಾವ ನಿಯಮ? ಗೆರೆ ಹಾಕಿದ ಒಂದು ಪುಸ್ತಕ ಇದ್ದರೆ ಸದಸ್ಯೆಯ ನಂಬರು, ಲೀಟರು, ಫ್ಯಾಟ್, ಎಸ್‌ಎನ್‌ಎಫ್ ನಾಲ್ಕನ್ನೂ ಕೈಯಲ್ಲಿ ಬರೆಯಬಹುದು. ಅದನ್ನೇ ನಿಮ್ಮ ಪಾಸ್ ಪುಸ್ತಕದಲ್ಲೂ ಬರೆಸಿಕೊಳ್ಳಬಹುದು. ಕಂಪ್ಯೂಟರ್ ಸರಿಯಾದ ಮೇಲೆ ಸಾಮಾನ್ಯವಾಗಿ ಆ ಅಂಕಿಗಳನ್ನು ಕೈಯಿಂದ ಸೇರಿಸಲು ಬರುತ್ತದೆ.

ಪರೀಕ್ಷೆಯ ಯಂತ್ರವೂ ಕೈಕೊಟ್ಟರೆ? ಯಂತ್ರಗಳು ಬರುವ ಮೊದಲು ನಮ್ಮ ಸಂಘಗಳು ನಡೆಯುತ್ತಿರಲಿಲ್ಲವೇ. ಗರ್ಬರ್ ವಿಧಾನದಲ್ಲಿ 10 ಮಿ.ಲೀ. ಗಂಧಕಾಮ್ಲ, 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೋಹಾಲ್ ಬ್ಯುಟಿರೋಮೀಟರಿಗೆ ಹಾಕಿ, ಯಂತ್ರದಲ್ಲಿ ತಿರುಗಿಸಿ ಫ್ಯಾಟ್ ಓದುತ್ತಿದ್ದರು. ಲ್ಯಾಕ್ಟೋಮೀಟರಿನಲ್ಲಿ ಡಿಗ್ರಿ ನೋಡುತ್ತಿದ್ದರು. ಹಳೆಯ ಸಂಘಗಳಲ್ಲಿ ಆ ಸಾಮಾನು ಕಪಾಟಿನಲ್ಲಿ ಈಗಲೂ ಇರುತ್ತದೆ. ಅದನ್ನು ಬಳಸಬಲ್ಲ ತರಬೇತಿ ಪಡೆದ ಒಬ್ಬರು ಇರುವುದು ಒಳ್ಳೆಯದು. ಆಮ್ಲದ ಕೆಲಸ, ತರಬೇತಿ ಇಲ್ಲದವರು ಮುಟ್ಟುವುದು ಬೇಡ.

ಇನ್ನು ಏಳದ ಕಂಪ್ಯೂಟರಿನ ವಿಷಯ. ಕರು ಹಾಕಿದ ಹಸು ಬೆಳಿಗ್ಗೆ ಮೇಲೇಳದಿದ್ದರೆ ನೀವೇನು ಮಾಡುತ್ತೀರಿ? ಡಾಕ್ಟರಿಗೆ ಫೋನ್ ಮಾಡುವ ಮೊದಲೇ ಕಿವಿ ಮುಟ್ಟಿ ತಣ್ಣಗಿದೆಯೇ ಎಂದು ನೋಡುತ್ತೀರಿ. ಕತ್ತು ಪಕ್ಕಕ್ಕೆ ತಿರುಗಿಸಿಕೊಂಡಿದೆಯೇ, ಮೆಲುಕು ಹಾಕುತ್ತಿದೆಯೇ ನೋಡುತ್ತೀರಿ. ಆಮೇಲೆ ‘ಸಾರ್, ಮೊನ್ನೆ ಕರು ಹಾಕಿದೆ, ಕಿವಿ ತಣ್ಣಗಿದೆ’ ಎಂದು ಫೋನಿನಲ್ಲೇ ಹೇಳುತ್ತೀರಿ. ಡಾಕ್ಟರಿಗೆ ಅರ್ಧ ವಿಷಯ ಅಲ್ಲೇ ತಿಳಿಯುತ್ತದೆ, ಕ್ಯಾಲ್ಸಿಯಂ ಬಾಟಲಿ ಚೀಲದಲ್ಲಿಟ್ಟುಕೊಂಡೇ ಬರುತ್ತಾರೆ. ಆದರೆ ಕಂಪ್ಯೂಟರ್ ಕೆಟ್ಟಾಗ ಪಟ್ಟಣದ ರಿಪೇರಿ ಅಂಗಡಿಗೆ ನಮ್ಮಿಂದ ಹೋಗುವ ಸುದ್ದಿ ಒಂದೇ: ‘ಆನ್ ಆಗ್ತಿಲ್ಲ.’ ಅವನು ಬರಿಗೈಯಲ್ಲಿ ಬಂದು ನೋಡಿ, ಬೇಕಾದ ಸಾಮಾನು ತರಲು ವಾಪಸ್ ಹೋಗಿ, ಮತ್ತೆ ಬರುತ್ತಾನೆ. ಎರಡು ಸಲದ ಓಡಾಟದ ಬಿಲ್ಲು ಸಂಘದ ಲೆಕ್ಕದಲ್ಲಿ, ಅಂದರೆ ನಮ್ಮ ಲೆಕ್ಕದಲ್ಲಿ.

‘ಆನ್ ಆಗ್ತಿಲ್ಲ’ ಎನ್ನುವುದರಲ್ಲಿ ಹಲವು ಬಗೆ ಇದೆ. ಅದನ್ನು ಬೇರ್ಪಡಿಸುವುದೇ ಅರ್ಧ ಕೆಲಸ.

ಗುಂಡಿ ಒತ್ತಿದರೆ ದೀಪವೂ ಇಲ್ಲ, ಫ್ಯಾನಿನ ಸದ್ದೂ ಇಲ್ಲ ಎಂದರೆ ಕರೆಂಟು ಒಳಗೆ ಹೋಗುತ್ತಿಲ್ಲ. ಕೈ ಒರೆಸಿಕೊಂಡು, ಒಣಗಿದ ಚಪ್ಪಲಿ ಮೆಟ್ಟಿಕೊಂಡು ಗೋಡೆಯಿಂದ ಶುರುಮಾಡಿ. ಅದೇ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಹಾಕಿ, ಚಾರ್ಜ್ ಆಗುತ್ತದೆಯೇ ನೋಡಿ. ಆಗದಿದ್ದರೆ ಕೆಟ್ಟಿರುವುದು ಸಾಕೆಟ್ಟು, ಇಲ್ಲವೇ ಉದ್ದ ತಂತಿಯ ಎಕ್ಸ್‌ಟೆನ್ಷನ್ ಬೋರ್ಡು. ಅದಾದ ಮೇಲೆ ಯುಪಿಎಸ್. ನನ್ನ ಅನುಮಾನ ಮೊದಲು ಹೋಗುವುದೇ ಇದರ ಮೇಲೆ. ಸಣ್ಣ ಯುಪಿಎಸ್‌ಗಳ ಒಳಗೆ ಸಾಮಾನ್ಯವಾಗಿ 12 ವೋಲ್ಟಿನ ಒಂದು ಮುಚ್ಚಿದ ಬ್ಯಾಟರಿ ಇರುತ್ತದೆ. ಎರಡು ಮೂರು ವರ್ಷಕ್ಕೆ ಅದರ ಆಯಸ್ಸು ತೀರುತ್ತದೆ, ಕರೆಂಟು ಪದೇ ಪದೇ ಹೋಗಿ ಬರುವ ಊರಿನಲ್ಲಿ ಇನ್ನೂ ಬೇಗ. ಬ್ಯಾಟರಿ ಸತ್ತ ಮೇಲೆ ಕೆಲವು ಯುಪಿಎಸ್‌ಗಳು ಗೋಡೆಯಲ್ಲಿ ಕರೆಂಟು ಇದ್ದರೂ ಆನ್ ಆಗುವುದಿಲ್ಲ. ಪರೀಕ್ಷೆ ಸುಲಭ. ಯುಪಿಎಸ್ ಬಿಟ್ಟು ಕಂಪ್ಯೂಟರಿನ ತಂತಿಯನ್ನು ನೇರವಾಗಿ ಗೋಡೆಯ ಸಾಕೆಟ್ಟಿಗೆ ಹಾಕಿ ನೋಡಿ. ಎದ್ದರೆ ಕಂಪ್ಯೂಟರ್ ಚೆನ್ನಾಗಿದೆ, ಬೇಕಾಗಿರುವುದು ಬ್ಯಾಟರಿ. ಬ್ಯಾಟರಿ ಬದಲಿಸಿದರೆ ಮುಗಿಯುವ ಕಡೆ ಹೊಸ ಕಂಪ್ಯೂಟರಿಗೆ ಕೊಟೇಷನ್ ತರಿಸಲು ಹೊರಟರೆ ಆಡಳಿತ ಮಂಡಳಿಯಲ್ಲಿರುವ ನಿಮ್ಮಲ್ಲೊಬ್ಬರು ಈ ಒಂದು ಪ್ರಶ್ನೆ ಕೇಳಿ: ‘ನೇರವಾಗಿ ಹಾಕಿ ನೋಡಿದ್ರಾ?’

ಯುಪಿಎಸ್ ಸರಿಯಿದ್ದರೆ ಸಿಪಿಯು ಡಬ್ಬದ ಹಿಂಭಾಗ ನೋಡಿ. ಮೂರು ಪಿನ್ನಿನ ದಪ್ಪ ತಂತಿ ಸಡಿಲವಾಗಿರಬಹುದು. ನೆಲ ತೊಳೆಯುವಾಗ, ಮೇಜು ಸರಿಸುವಾಗ ಎಳೆದುಕೊಂಡು ಬಂದಿರುತ್ತದೆ. ಅದನ್ನು ಬಿಚ್ಚಿ ಮತ್ತೆ ಒತ್ತಿ ಹಾಕಿ. ಆ ತಂತಿಯ ಪಕ್ಕದಲ್ಲೇ ಕೆಲವು ಡಬ್ಬಗಳಲ್ಲಿ ಒಂದು ಸಣ್ಣ ಸ್ವಿಚ್ಚು ಇರುತ್ತದೆ, ಒಂದು ಕಡೆ ಗೆರೆ, ಇನ್ನೊಂದು ಕಡೆ ಸೊನ್ನೆ. ಗೆರೆಯ ಕಡೆ ಒತ್ತಿರಬೇಕು. ಆಗಲೂ ಏಳದಿದ್ದರೆ ತಂತಿ ಪೂರ್ತಿ ಕಿತ್ತು, ಮುಂದಿನ ಆನ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಆಮೇಲೆ ತಂತಿ ಹಾಕಿ ಮತ್ತೆ ಒತ್ತಿ. ಗುಡುಗು ಸಿಡಿಲಾದ ಮರುದಿನ, ವೋಲ್ಟೇಜ್ ಏರುಪೇರಾದ ಮರುದಿನ ಒಳಗೆ ಉಳಿದ ವಿದ್ಯುತ್ ಇಳಿದು ಕೆಲವೊಮ್ಮೆ ಇಷ್ಟಕ್ಕೇ ಎದ್ದು ಕೂರುತ್ತದೆ. ಇದಕ್ಕೂ ಏಳದಿದ್ದರೆ ಎಸ್‌ಎಂಪಿಎಸ್ ಎಂಬ ಕರೆಂಟಿನ ಪೆಟ್ಟಿಗೆಯೋ ಮದರ್‌ಬೋರ್ಡೋ ಹೋಗಿರಬಹುದು. ಅಲ್ಲಿಗೆ ನಿಲ್ಲಿಸಿ. ಎಸ್‌ಎಂಪಿಎಸ್ ಪೆಟ್ಟಿಗೆಯ ಸ್ಕ್ರೂ ಬಿಚ್ಚಬಾರದು. ತಂತಿ ಕಿತ್ತ ಮೇಲೂ ಅದರೊಳಗೆ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರುತ್ತದೆ.

ಎರಡನೆಯ ಬಗೆಯಲ್ಲಿ ಫ್ಯಾನ್ ತಿರುಗುತ್ತದೆ, ದೀಪ ಹತ್ತುತ್ತದೆ, ಪರದೆ ಮಾತ್ರ ಕಪ್ಪು. ಮೊದಲು ಪರದೆಯದ್ದೇ ದೀಪ ನೋಡಿ. ಅದು ಹತ್ತದಿದ್ದರೆ ಪರದೆಗೇ ಕರೆಂಟಿಲ್ಲ. ಹತ್ತಿ ಮಿಣಿಮಿಣಿ ಎನ್ನುತ್ತಿದ್ದರೆ ಪರದೆ ಎಚ್ಚರವಾಗಿದೆ, ಸಿಪಿಯುವಿನಿಂದ ಚಿತ್ರ ಬರುತ್ತಿಲ್ಲ. ನಡುವಿನ ತಂತಿಯನ್ನು ಎರಡೂ ತುದಿಯಲ್ಲಿ ಬಿಚ್ಚಿ ಹಾಕಿ, ಎರಡು ಬದಿಯ ತಿರುಪು ಇದ್ದರೆ ಬಿಗಿ ಮಾಡಿ. ಇಲ್ಲಿ ಇನ್ನೊಂದು ಉಪಾಯ ಇದೆ. ಕೀಬೋರ್ಡಿನ ಬಲಗಡೆ ನಮ್ ಲಾಕ್ ಎಂಬ ಕೀಲಿ ಇದೆಯಲ್ಲ, ಅದನ್ನು ಒತ್ತಿ. ಒತ್ತಿದಾಗಲೆಲ್ಲ ಅದರ ಪುಟ್ಟ ದೀಪ ಹತ್ತಿ ಆರುತ್ತಿದ್ದರೆ ಕಂಪ್ಯೂಟರಿಗೆ ಜೀವ ಇದೆ, ತಪ್ಪು ಪರದೆಯದ್ದೋ ತಂತಿಯದ್ದೋ ಇರಬೇಕು. ಆಗ ಶಾಲೆಯಿಂದಲೋ ಗ್ರಾಮ ಪಂಚಾಯಿತಿಯಿಂದಲೋ ಒಂದು ಪರದೆ ಎರವಲು ತಂದರೆ ಸಂಜೆಯ ಹಾಲಿನ ಹೊತ್ತಿಗೆ ಕೆಲಸ ನಡೆಯುತ್ತದೆ.

ಪರದೆ ಕಪ್ಪಾಗಿದ್ದು ಒಳಗಿನಿಂದ ಬೀಪ್ ಬೀಪ್ ಎಂದು ಕೂಗಿದರೆ ಎಷ್ಟು ಸಲ, ಉದ್ದವೋ ಗಿಡ್ಡವೋ ಎಂದು ಎಣಿಸಿ ಬರೆದುಕೊಳ್ಳಿ. ಕೂಗಿನ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ, ಆದರೆ ರಿಪೇರಿಯವನಿಗೆ ಅದು ತಿಳಿಯುತ್ತದೆ. ಹಲವು ಸಲ ಕಾರಣ ರ‍್ಯಾಮ್ ಎಂಬ ಪಟ್ಟಿ. ನಮ್ಮ ಡೇರಿ ಕೋಣೆಗಳಲ್ಲಿ ದಿನಕ್ಕೆರಡು ಸಲ ನೀರು ಹಾಕಿ ತೊಳೆಯುತ್ತೇವೆ, ಗಾಳಿಯಲ್ಲಿ ಸದಾ ತೇವ. ಆ ಪಟ್ಟಿಯ ಅಂಚಿನ ಹೊಂಬಣ್ಣದ ಹಲ್ಲುಗಳ ಮೇಲೆ ಕಿಲುಬು, ಧೂಳು ಕೂರುತ್ತದೆ. ವಾರಂಟಿ ಮುಗಿದಿದ್ದು, ಒಮ್ಮೆ ಮಾಡಿ ನೋಡಿದವರು ಇದ್ದರೆ ಮಾತ್ರ ಇದಕ್ಕೆ ಕೈ ಹಾಕಿ. ತಂತಿಗಳನ್ನೆಲ್ಲ ಕಿತ್ತು, ಡಬ್ಬದ ಬದಿಯ ತಗಡು ತೆಗೆದು, ಮೈಯಲ್ಲಿನ ಸ್ಥಿರ ವಿದ್ಯುತ್ ಇಳಿಯಲು ಡಬ್ಬದ ಲೋಹವನ್ನು ಒಮ್ಮೆ ಮುಟ್ಟಿ, ಪಟ್ಟಿಯ ಎರಡು ತುದಿಯ ಹಿಡಿಕೆ ಸರಿಸಿ ಹೊರತೆಗೆಯಬೇಕು. ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಆ ಹಲ್ಲುಗಳನ್ನು ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಟಕ್ ಎನ್ನುವವರೆಗೆ ಒತ್ತಿ ಕೂರಿಸಬೇಕು. ಎರಡು ರೂಪಾಯಿಯ ರಬ್ಬರಿನಿಂದ ಎದ್ದ ಕಂಪ್ಯೂಟರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನು ಕೆಲವು ಸಲ ಪರದೆಯ ಮೇಲೆ ಬಿಳಿ ಅಕ್ಷರದ ಇಂಗ್ಲಿಷ್ ಸಾಲುಗಳು ಬಂದು ಅಲ್ಲೇ ನಿಂತುಬಿಡುತ್ತದೆ. ಇಂಗ್ಲಿಷ್ ಬರುವುದಿಲ್ಲ ಎಂದು ಹೆದರಬೇಡಿ, ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಿ. ಕಳಿಸುವ ಮೊದಲು ಒಂದು ಕೆಲಸ: ಪೆನ್ ಡ್ರೈವ್ ಏನಾದರೂ ಸಿಕ್ಕಿಸಿದ್ದರೆ ತೆಗೆದು ಮತ್ತೆ ಆನ್ ಮಾಡಿ. ಕೆಲವು ಕಂಪ್ಯೂಟರುಗಳು ಮೊದಲು ಪೆನ್ ಡ್ರೈವಿನಲ್ಲೇ ವಿಂಡೋಸ್ ಹುಡುಕುತ್ತವೆ, ಸಿಗದೆ ನಿಂತುಬಿಡುತ್ತವೆ.

ಎಫ್1 ಒತ್ತಿ ಎಂದು ಕೇಳಿ ನಿಂತರೆ, ಒತ್ತಿದ ಮೇಲೆ ಕೆಲಸ ನಡೆದರೂ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಳಗೆ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ, ಸಿಆರ್2032 ಎಂದು ಅದರ ಮೇಲೆ ಬರೆದಿರುತ್ತದೆ, 3 ವೋಲ್ಟಿನದು. ಕರೆಂಟು ಇಲ್ಲದಾಗಲೂ ಕಂಪ್ಯೂಟರ್ ತಾರೀಕು ಮರೆಯದಂತೆ ನೋಡಿಕೊಳ್ಳುವುದು ಅದು. ಅದು ಸತ್ತರೆ ಕಂಪ್ಯೂಟರ್ ಎಷ್ಟೋ ವರ್ಷ ಹಿಂದಿನ ತಾರೀಕಿಗೆ ಹೋಗಿ ಕೂರುತ್ತದೆ. ಯಾರೂ ಗಮನಿಸದೆ ಹಾಲು ಹಾಕಿಸಿಕೊಂಡರೆ ಆ ಹೊತ್ತಿನ ನಿಮ್ಮ ಹಾಲು ಹಳೆಯ ತಾರೀಕಿಗೆ ಜಮೆಯಾಗಬಹುದು. ಈ ಬಟವಾಡೆಯಲ್ಲಿ ಅದು ಬರುವುದಿಲ್ಲ, ಲೀಟರಿನ ಮೇಲೆ ಸರ್ಕಾರ ಕೊಡುವ ಪ್ರೋತ್ಸಾಹಧನದ ಲೆಕ್ಕದಲ್ಲೂ ಗೊಂದಲ. ಹಾಗಾಗಿ ನಿಮಗೆ ಕೊಟ್ಟ ಚೀಟಿಯಲ್ಲಿ ಫ್ಯಾಟಿನಷ್ಟೇ ಗಮನವಿಟ್ಟು ತಾರೀಕನ್ನೂ ನೋಡಿ. ಸಣ್ಣ ಅಂಗಡಿಯಲ್ಲೂ ಸಿಗುವ ಬ್ಯಾಟರಿಯದು, ತಿಂಗಳುಗಟ್ಟಲೆ ಹಾಗೇ ಬಿಡಲು ಕಾರಣವೇ ಇಲ್ಲ.

ಎಲ್ಲಕ್ಕಿಂತ ನನಗೆ ಭಯ ಇರುವುದು ‘ಫಾರ್ಮ್ಯಾಟ್’ ಎಂಬ ಪದದ ಬಗ್ಗೆ. ವಿಂಡೋಸ್ ಏಳದಿದ್ದರೆ ಅವಸರದಲ್ಲಿರುವ ರಿಪೇರಿಯವನು ಹೇಳುವ ಮೊದಲ ಮದ್ದು ಅದೇ. ಫಾರ್ಮ್ಯಾಟ್ ಎಂದರೆ ಹಲಗೆ ಅಳಿಸಿದ ಹಾಗೆ. ನಮ್ಮ ಕಡೆಯ ಒಂದು ಸಂಘದಲ್ಲಿ ಹೀಗೆ ಮಾಡಿ, ಬಟವಾಡೆಗೆ ಎರಡು ದಿನ ಮುಂಚೆ ಅಷ್ಟೂ ಹೊತ್ತಿನ ಲೆಕ್ಕ ಅಳಿಸಿಹೋಯಿತು. ಚೀಟಿಗಳನ್ನು ಡಬ್ಬಿಯಲ್ಲಿ ಕೂಡಿಟ್ಟಿದ್ದ ಹೆಂಗಸರು ತಂದು ತೋರಿಸಿದರು, ಅವರಿಗೆ ಸರಿಯಾದ ದುಡ್ಡು ಸಿಕ್ಕಿತು. ಚೀಟಿಯನ್ನು ಬಾಗಿಲಲ್ಲೇ ಬಿಸಾಡಿ ಬಂದವರಿಗೆ ಹಿಂದಿನ ಬಟವಾಡೆಯ ಸರಾಸರಿ ಕೊಟ್ಟರು. ಅವರಲ್ಲಿ ಒಬ್ಬಾಕೆಯ ಹಸು ಅದೇ ವಾರ ಕರು ಹಾಕಿ ಹಾಲು ಎರಡರಷ್ಟಾಗಿತ್ತು. ಯಾರ ಮುಂದೆ ಹೇಳಿಕೊಂಡಾಳು? ಆದ್ದರಿಂದ ಕಾರ್ಯದರ್ಶಿ ಮತ್ತು ಅಧ್ಯಕ್ಷೆ ಇಬ್ಬರೂ ಒಪ್ಪಿ, ಹಾಲಿನ ಲೆಕ್ಕವನ್ನು ಬೇರೆಡೆಗೆ ನಕಲು ಮಾಡಿಕೊಂಡ ಮೇಲಲ್ಲದೆ ಫಾರ್ಮ್ಯಾಟ್ ಮಾಡಿಸಬಾರದು. ವಿಂಡೋಸ್ ಏಳದಿದ್ದರೂ ಹಾರ್ಡ್ ಡಿಸ್ಕ್ ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಹಾಕಿ ಲೆಕ್ಕ ತೆಗೆಯಲು ಬಹಳ ಸಲ ಆಗುತ್ತದೆ. ‘ಆಗಲ್ಲ’ ಎಂದವನಿಗೆ ‘ಪ್ರಯತ್ನ ಮಾಡಿ ಆಮೇಲೆ ಹೇಳಿ’ ಎನ್ನಿ. ದಿನಾ ಸಂಜೆಯ ಹಾಲು ಮುಗಿದ ಮೇಲೆ ಪೆನ್ ಡ್ರೈವಿಗೆ ನಕಲು ತೆಗೆದು, ಅದನ್ನು ಕಂಪ್ಯೂಟರಿಗೇ ಸಿಕ್ಕಿಸಿಡದೆ ಬೇರೆ ಬೀರುವಿನಲ್ಲಿಟ್ಟರೆ ಈ ಪಾಡೇ ಬರುವುದಿಲ್ಲ.

ಇಷ್ಟು ಹೇಳಿದರೆ ಎರಡು ಆಕ್ಷೇಪ ಬರುತ್ತದೆ, ನನಗೆ ಗೊತ್ತಿದೆ. ಒಂದು, ‘ಎಲ್ಲರೂ ಕೈ ಹಾಕಿದರೆ ಇರುವುದೂ ಕೆಟ್ಟೀತು.’ ಇದರಲ್ಲಿ ನ್ಯಾಯ ಇದೆ. ಅದಕ್ಕೇ ಎಲ್ಲರೂ ಎನ್ನುತ್ತಿಲ್ಲ, ಇಬ್ಬರು ಮೂವರು ಎನ್ನುತ್ತಿದ್ದೇನೆ. ಡಬ್ಬದ ಹೊರಗಿನ ಪರೀಕ್ಷೆ ಅವರೆಲ್ಲರಿಗೂ, ಒಳಗಿನದು ಕಲಿತ ಒಬ್ಬರಿಗೆ. ವಾರಂಟಿ ಇದ್ದರೆ, ವಾರ್ಷಿಕ ನಿರ್ವಹಣೆಗೆ ದುಡ್ಡು ಕಟ್ಟಿದ್ದರೆ ಡಬ್ಬ ಬಿಚ್ಚುವ ಮಾತೇ ಇಲ್ಲ, ಅವರನ್ನೇ ಕರೆಸಬೇಕು. ಎರಡನೆಯದು, ‘ಹೆಂಗಸರಿಗೆ ಯಾಕೆ ಕಂಪ್ಯೂಟರಿನ ಉಸಾಬರಿ?’ ಇದಕ್ಕೆ ನನ್ನಲ್ಲಿ ತಾಳ್ಮೆ ಕಡಿಮೆ. ಕೆಚ್ಚಲು ಬಾವನ್ನು ಮೊದಲ ಹಿಂಡಿನಲ್ಲೇ ಗುರುತಿಸುವವರು ನಾವು, ಮೇವು ಕತ್ತರಿಸುವ ಯಂತ್ರದ ಬ್ಲೇಡು ಬದಲಿಸುವವರು ನಾವು, ಹಾಲು ಕರೆಯುವ ಯಂತ್ರದ ರಬ್ಬರು ಸೀಳಿದರೆ ಹೊಸದು ಹಾಕಿಕೊಳ್ಳುವವರು ನಾವು. ಒಂದು ಪ್ಲಗ್ಗು ಸಡಿಲವಾಗಿದೆಯೇ ಎಂದು ನೋಡಲು ಗಂಡಸೇ ಬೇಕೇ?

ಕಂಪ್ಯೂಟರ್ ಕೆಡದ ಹಾಗೆ ನೋಡಿಕೊಳ್ಳುವುದೂ ನಮ್ಮ ಕಣ್ಣಳತೆಯಲ್ಲೇ ಇದೆ. ಡಬ್ಬ ನೆಲದ ಮೇಲಿದ್ದರೆ ಎತ್ತಿ ಮೇಜಿನ ಮೇಲಿಡಿಸಿ. ನೆಲಕ್ಕೆ ಪೈಪು ಹಿಡಿಯುವಾಗ ನೀರು ಹಾರುವುದು ಅಲ್ಲಿಗೇ. ಹಾಲು ಚೆಲ್ಲಿದ ಕಡೆ ಇರುವೆ ಬರುತ್ತದೆ, ಹಿಂಡಿ ಮೂಟೆ ಪಕ್ಕದಲ್ಲಿದ್ದರೆ ಇಲಿ ಬರುತ್ತದೆ, ಎರಡಕ್ಕೂ ತಂತಿ, ಡಬ್ಬದ ಬೆಚ್ಚನೆ ಜಾಗ ಎಂದರೆ ಇಷ್ಟ. ಅರ್ಥಿಂಗ್ ಸರಿಯಿದೆಯೇ ಎಂದು ವರ್ಷಕ್ಕೊಮ್ಮೆ ವೈರ್‌ಮನ್ ಕೈಲಿ ನೋಡಿಸಿ. ಡಬ್ಬ ಮುಟ್ಟಿದರೆ ಜುಮ್ ಎನ್ನುತ್ತದೆ ಎಂದರೆ ಕಾಯಬೇಡಿ, ಅವತ್ತೇ ಕರೆಸಿ. ಮಳೆಗಾಲದಲ್ಲಿ ಗುಡುಗು ಕೇಳಿದರೆ ಪ್ಲಗ್ಗನ್ನೇ ಕಿತ್ತಿಡಬೇಕು, ಸ್ವಿಚ್ಚು ಆರಿಸಿದರೆ ಸಾಲದು.

ಒಕ್ಕೂಟಕ್ಕೂ ಒಂದು ಮಾತು. ಶುದ್ಧ ಹಾಲು ಉತ್ಪಾದನೆ, ಮೇವು ಬೆಳೆ, ಕರು ಸಾಕಣೆ ಎಲ್ಲಕ್ಕೂ ನಮ್ಮನ್ನು ತರಬೇತಿಗೆ ಕರೆಯುತ್ತೀರಿ, ಸಂತೋಷ. ಅದರಲ್ಲಿ ಅರ್ಧ ದಿನ ಇದಕ್ಕೆ ಕೊಡಿ. ಭಾಷಣ ಬೇಡ. ಕೆಟ್ಟ ಹಳೆಯ ಕಂಪ್ಯೂಟರೊಂದನ್ನು ಮುಂದಿಟ್ಟು ಬಿಚ್ಚಿ ಜೋಡಿಸಲು ಬಿಡಿ. ಶಿಬಿರ ಕಚೇರಿಯಲ್ಲಿ ಒಂದು ಯುಪಿಎಸ್, ಒಂದು ಎಸ್‌ಎಂಪಿಎಸ್, ಒಂದು ಪರದೆ, ಒಂದು ಕೀಬೋರ್ಡು ಹೆಚ್ಚುವರಿಯಾಗಿ ಇಟ್ಟಿದ್ದರೆ ಸಂಘಗಳು ಎರವಲು ಪಡೆದು ಅವತ್ತಿನ ಸಂಜೆಯೇ ಕೆಲಸ ನಡೆಸಬಹುದು. ಇದೇನೂ ದೊಡ್ಡ ಖರ್ಚಲ್ಲ.

ನಿಮ್ಮ ಸಂಘದ ವಾರ್ಷಿಕ ಸಭೆ ಸೆಪ್ಟೆಂಬರ್ ಒಳಗೆ ನಡೆಯುತ್ತದೆ. ಲೆಕ್ಕಪತ್ರ ಓದುವಾಗ ಕಂಪ್ಯೂಟರ್ ರಿಪೇರಿಗೆ ಎಷ್ಟು ಖರ್ಚಾಗಿದೆ, ಯಾವುದಕ್ಕೆ ಎಂದು ಕೇಳಿ. ಕಂಪ್ಯೂಟರ್ ನಿಂತ ದಿನಗಳ ಕೈಬರಹದ ಪುಸ್ತಕ ಎಲ್ಲಿದೆ, ತೋರಿಸಿ ಎಂದು ಕೇಳಿ. ಪುಸ್ತಕವೇ ಇಲ್ಲವೆಂದರೆ, ಇನ್ನು ಮುಂದೆ ಕಂಪ್ಯೂಟರ್ ಇಲ್ಲದ ಹೊತ್ತಿನಲ್ಲೂ ಪ್ರತಿ ಸದಸ್ಯೆಯ ಹಾಲನ್ನು ಪ್ರತ್ಯೇಕವಾಗಿ ಪರೀಕ್ಷಿಸಿ ಬರೆಯತಕ್ಕದ್ದು ಎಂದು ನಡಾವಳಿಯಲ್ಲಿ ಒಂದು ಸಾಲು ಸೇರಿಸಿ, ಸಹಿ ಹಾಕಿಸಿಕೊಂಡು ಬನ್ನಿ.